ಒಂದೇ ಹಾಳೆಯ ಸುತ್ತ ಕುಟುಂಬ: ಆಪ್ತಸಮಾಲೋಚನೆಯಲ್ಲಿ ಚಿತ್ರಕಲೆ ನಡೆದುಬಂದ ದಾರಿ

ಕುವೈತಿನ ಅಹ್ಮದಿ ಪ್ರಾಂತದಲ್ಲಿ, ಕಡಲ ದಂಡೆಗೂ ಫಹಾಹೀಲ್ ಹೆದ್ದಾರಿಗೂ ನಡುವೆ ಬಹುಮಹಡಿ ಕಟ್ಟಡಗಳು ಒತ್ತೊತ್ತಾಗಿ ನಿಂತಿರುವ ಮಹಬೂಲಾದಲ್ಲಿ, ಹೆಂಡತಿ ಮಕ್ಕಳೊಡನೆ ಫ್ಲ್ಯಾಟಿನಲ್ಲಿ ಸಂಸಾರ ಹೂಡಿದ ಕನ್ನಡಿಗರೂ ಉಂಟು. ಸಂಸಾರವನ್ನು ಊರಿನಲ್ಲಿಯೇ ಬಿಟ್ಟುಬಂದು ನಾಲ್ಕಾರು ಮಂದಿಯೊಡನೆ ಬ್ಯಾಚುಲರ್ ರೂಮಿನಲ್ಲಿ ದಿನ ನೂಕುವವರೂ ಉಂಟು. ಕುಟುಂಬ ವೀಸಾಕ್ಕೆ ಬೇಕಾದ ಕನಿಷ್ಠ ವೇತನವು 2019ರಲ್ಲಿ 500 ದಿನಾರಿಗೂ 2024ರ ಆದಿಯಲ್ಲಿ 800 ದಿನಾರಿಗೂ ಏರಿದಾಗ, ಸಂಸಾರವನ್ನು ಕರೆತರುವ ಆಸೆಯಲ್ಲಿದ್ದ ಎಷ್ಟೋ ಮಂದಿಗೆ ಆ ಬಾಗಿಲು ಮತ್ತಷ್ಟು ದೂರ ಸರಿಯಿತು. 2020ರ ಏಪ್ರಿಲಿನಿಂದ ಜುಲೈವರೆಗೆ, ಕೊರೋನಾ ನಿಮಿತ್ತವಾಗಿ ಮಹಬೂಲಾವನ್ನೂ ಜಲೀಬ್ ಎಂಬ ಇನ್ನೊಂದು ಪ್ರದೇಶವನ್ನೂ ನಿರ್ಬಂಧಿಸಿ ಪ್ರತ್ಯೇಕಿಸಿದ್ದ ಕಾಲದಲ್ಲಿ, ಈ ಎರಡು ಬಗೆಯ ಜೀವನಗಳೂ ನಾಲ್ಕು ಗೋಡೆಗಳೊಳಗೆ ಸಿಕ್ಕಿಬಿದ್ದವು.

ಇಂತಹ ಬಾಳಿನ ಕ್ಲೇಶಗಳು ಮಾತಿಗೆ ಸುಲಭವಾಗಿ ಒದಗತಕ್ಕವಲ್ಲ. ದುಡಿದು ದಣಿದ ತಂದೆಗೆ ತನ್ನ ಅಳಲನ್ನು ಹೇಳಿಕೊಳ್ಳುವುದು ಅಪಮಾನವೆಂದು ತೋರುತ್ತದೆ. ತಾಯಿ ಮನೆಯ ಮರ್ಯಾದೆಗೆ ಅಂಜಿ ಮೌನವಹಿಸುತ್ತಾಳೆ. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ತಡವರಿಸುವ ಮಗುವಿಗೆ ಹೇಳಬೇಕೆಂದರೂ ಪದಗಳಿಲ್ಲ. ಈ ಕಾರಣದಿಂದಲೇ, ಕುಟುಂಬದ ಮತ್ತು ಗುಂಪಿನ ಆಪ್ತಸಮಾಲೋಚನೆಯಲ್ಲಿ ಚಿತ್ರಕಲೆಯ ಬಳಕೆ ಹೇಗೆ ಬೆಳೆದುಬಂದಿತೆಂಬುದನ್ನು ಮಹಬೂಲಾದ ಕನ್ನಡಿಗರು ವಿಚಾರಿಸುವುದು ಸಾರ್ಥಕವೆಂದು ನಾನು ನಂಬುತ್ತೇನೆ.

ಕಲಾಚಿಕಿತ್ಸೆಯೆಂಬ ಹೆಸರನ್ನು 1942ರಲ್ಲಿ ಬಳಕೆಗೆ ತಂದವನು ಆಂಗ್ಲ ಚಿತ್ರಕಾರ ಅಡ್ರಿಯನ್ ಹಿಲ್. ಕ್ಷಯರೋಗದಿಂದ ಸ್ಯಾನಟೋರಿಯಮ್ಮಿನಲ್ಲಿ ಮಲಗಿದ್ದಾಗ ಚಿತ್ರರಚನೆ ತನಗೆ ನೀಡಿದ ಸಮಾಧಾನವನ್ನು ಕಂಡುಕೊಂಡು, ಅದನ್ನು ಸಹರೋಗಿಗಳಿಗೂ ಹಂಚಿದವನು ಅವನು. ಅದೇ ದಶಕದಲ್ಲಿ ನ್ಯೂಯಾರ್ಕಿನ ಮಾರ್ಗರೆಟ್ ನೌಮ್‌ಬರ್ಗ್ ಚಿತ್ರವನ್ನು ಸುಪ್ತ ಮನಸ್ಸಿನ ವಾಣಿಯೆಂದು ಬಗೆದರು. ತರುವಾಯದ ಎಡಿತ್ ಕ್ರೇಮರ್, ಸೃಷ್ಟಿಕಾರ್ಯವೇ ಚಿಕಿತ್ಸೆಯೆಂದು ಸಾಧಿಸಿದರು. ಆದರೆ ಇವರೆಲ್ಲರ ದೃಷ್ಟಿಯೂ ಬಹುಮಟ್ಟಿಗೆ ಒಬ್ಬೊಬ್ಬ ವ್ಯಕ್ತಿಯ ಮೇಲೆಯೇ ನೆಲೆಸಿದ್ದಿತು.

ಕುಟುಂಬವನ್ನು ಒಟ್ಟಾಗಿ ಚಿತ್ರದ ಮುಂದೆ ಕುಳ್ಳಿರಿಸಿದ ಕೀರ್ತಿ, ಪೋಲೆಂಡ್ ಮೂಲದ ಶಿಲ್ಪಿ ಹನ್ನಾ ಯಾಕ್ಸಾ ಕ್ವಿಯಾಟ್ಕೋವ್ಸ್ಕಾ ಅವರದು. ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1958ರಿಂದ ಅವರು ರೂಢಿಸಿದ ಕ್ರಮದಲ್ಲಿ ಪ್ರತಿಯೊಬ್ಬರೂ ಆರು ಹಂತಗಳಲ್ಲಿ ಚಿತ್ರ ಬರೆಯುತ್ತಿದ್ದರು: ಮೊದಲು ಇಷ್ಟಬಂದ ಚಿತ್ರ, ಬಳಿಕ ಕುಟುಂಬದ ಭಾವಚಿತ್ರ, ಆಮೇಲೆ ಅದೇ ಕುಟುಂಬದ ಅಮೂರ್ತ ಚಿತ್ರ, ನಂತರ ಗೀಚಿದ ಗೆರೆಗಳಿಂದ ಹುಟ್ಟುವ ಚಿತ್ರ, ಐದನೆಯದಾಗಿ, ಎಲ್ಲರೂ ಗೀಚಿದ್ದರಲ್ಲಿ ಒಂದನ್ನು ಒಮ್ಮತದಿಂದ ಆರಿಸಿ ಕೂಡಿ ಮುಗಿಸತಕ್ಕ ಚಿತ್ರ, ಕೊನೆಗೆ ಮತ್ತೆ ಇಷ್ಟಬಂದುದು. ಐದನೆಯ ಹಂತದಲ್ಲಿ ಯಾರ ಗೀಚನ್ನು ಆರಿಸಿದರು, ಯಾರದನ್ನು ಬದಿಗೊತ್ತಿದರು, ಯಾರು ತಮ್ಮದನ್ನು ತಾವೇ ಮುಂದೆ ಸರಿಸಲು ಹಿಂಜರಿದರು ಎಂಬುದನ್ನು ನೋಡಿದರೆ, ಆ ಮನೆಯ ಒಳಗಿನ ಆಳ್ವಿಕೆ ಗಂಟೆಗಳ ಮಾತುಕತೆಗಿಂತ ಸ್ಪಷ್ಟವಾಗಿ ಪ್ರಕಟವಾಗುತ್ತದೆ. ಈ ಅನುಭವದ ಸಾರವನ್ನು ಅವರು 1978ರಲ್ಲಿ ಗ್ರಂಥರೂಪಕ್ಕೆ ತಂದರು.

ಇದನ್ನೇ ಮತ್ತಷ್ಟು ಸರಳಗೊಳಿಸಿದವರು ಹೆಲೆನ್ ಲ್ಯಾಂಡ್‌ಗಾರ್ಟನ್. 1987ರಲ್ಲಿ ಪ್ರಕಟವಾದ ಅವರ ಗ್ರಂಥ ಕುಟುಂಬ ಕಲಾಚಿಕಿತ್ಸೆಗೇ ಮೀಸಲಾದುದು. ಅವರ ವಿಧಾನದಲ್ಲಿ ಪ್ರತಿಯೊಬ್ಬರೂ ಬೇರೆ ಬೇರೆ ಬಣ್ಣದ ಸ್ಕೆಚ್ ಪೆನ್ ಹಿಡಿದು, ಕೊನೆಯವರೆಗೂ ಅದನ್ನು ಬದಲಿಸದೆ, ಮಾತನಾಡದೆ ಒಂದೇ ಹಾಳೆಯಲ್ಲಿ ಬರೆಯತಕ್ಕದ್ದು. ಮುಗಿದಮೇಲೆ ಹಸಿರು ಗೆರೆ ಎಲ್ಲಿ ಮೊದಲಾಯಿತು, ಕೆಂಪು ಅದನ್ನು ಎಲ್ಲಿ ಅಡ್ಡಗಟ್ಟಿತು, ಯಾವ ಬಣ್ಣ ಮೂಲೆಯಲ್ಲಿಯೇ ಉಳಿಯಿತು ಎಂಬುದೆಲ್ಲ ಎಲ್ಲರ ಕಣ್ಣೆದುರಿಗೇ ಇರುತ್ತದೆ. ಹತ್ತು ವರ್ಷದ ಮಗುವೂ ನಲವತ್ತು ವರ್ಷದ ತಂದೆಯೂ ಅಲ್ಲಿ ಸಮಾನರು. ಹಿರಿಯರ ಎದುರು ಕಿರಿಯರು ಬಾಯಿ ತೆರೆಯಬಾರದೆಂಬ ಸಂಸ್ಕಾರದಲ್ಲಿ ಬೆಳೆದ ನಮ್ಮ ಮನೆಗಳಿಗೆ ಇದಕ್ಕಿಂತ ಯೋಗ್ಯವಾದ ಉಪಾಯವನ್ನು ನಾನು ಕಾಣೆ.

ನಡುವೆ ಒಂದು ಹಾದಿ ತಪ್ಪಿದ್ದೂ ಉಂಟು. 1970ರಲ್ಲಿ ಬರ್ನ್ಸ್ ಮತ್ತು ಕಾಫ್‌ಮನ್, ಕುಟುಂಬದವರೆಲ್ಲರೂ ಏನಾದರೂ ಮಾಡುತ್ತಿರುವಂತೆ ಬರೆಯೆಂದು ಮಗುವಿಗೆ ಹೇಳುವ ಪರೀಕ್ಷೆಯನ್ನು ರೂಪಿಸಿದಮೇಲೆ, ಗೆರೆಗೊಂದು ಅರ್ಥ, ಅಂತರಕ್ಕೊಂದು ರೋಗಲಕ್ಷಣ ಎಂದು ಗಣಿಸುವ ಚಾಳಿ ಹಬ್ಬಿತು. ಅಂತಹ ಅರ್ಥೈಕೆಗಳು ವಿಶ್ವಾಸಾರ್ಹವಲ್ಲವೆಂಬ ಆಕ್ಷೇಪ ಬಲವಾದುದು. ನನಗೂ ಅದೇ ಸರಿಯೆಂದು ತೋರುತ್ತದೆ. ಮಹಬೂಲಾದಲ್ಲಿ ದುಡಿಯುವ ತಂದೆಯನ್ನು ಊರಿನ ಮಗು ಮೊಬೈಲಿನ ಪರದೆಯೊಳಗೆ ಬರೆದರೆ, ಅದು ಪ್ರೇಮದ ಅಭಾವವೆಂದು ಬಗೆಯುವುದು ಅನ್ಯಾಯ. ಆ ಮಗು ತಂದೆಯನ್ನು ಕಾಣುವುದು ಅಲ್ಲಿಯೇ ಅಲ್ಲವೆ! ಚಿತ್ರದ ಅರ್ಥವನ್ನು ಬರೆದವರನ್ನೇ ಕೇಳಿ ತಿಳಿಯಬೇಕೆಂಬ ನಿಲುವು ಇಂದು ಬಲಗೊಂಡಿರುವುದು ಈ ಶಾಸ್ತ್ರದ ಬಹುದೊಡ್ಡ ಮುನ್ನಡೆ.

ನಮ್ಮ ದೇಶದಲ್ಲಿ, 1950ರ ದಶಕದಲ್ಲಿ ಅಮೃತಸರದ ಮನೋವೈದ್ಯ ವಿದ್ಯಾಸಾಗರರು ರೋಗಿಗಳ ಬಂಧುಗಳನ್ನು ಆಸ್ಪತ್ರೆಯ ಅಂಗಳದ ಡೇರೆಗಳಲ್ಲಿ ಉಳಿಸಿಕೊಂಡು ಚಿಕಿತ್ಸೆಯಲ್ಲಿ ಭಾಗಿಗಳನ್ನಾಗಿ ಮಾಡಿದ್ದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಸ್ಥಾಪಿಸಿದ ಮನಃಶಾಸ್ತ್ರ ವಿಭಾಗ, ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಸಂಸ್ಥೆಯಿಂದ ಬೆಳೆದುಬಂದ ನಿಮ್ಹಾನ್ಸ್, ಅಲ್ಲಿಯ ಕುಟುಂಬ ಮನೋವೈದ್ಯ ಕೇಂದ್ರ, ಇವು ಕನ್ನಡ ನಾಡಿನ ಆಸ್ತಿ. 2004ರ ಸುನಾಮಿಯ ಬಳಿಕ ನಿಮ್ಹಾನ್ಸಿನ ಮಾರ್ಗದರ್ಶನದಲ್ಲಿ ಮಕ್ಕಳ ಗುಂಪುಗಳಿಗಾಗಿ ಚಿತ್ರ, ಜೇಡಿಮಣ್ಣು, ಕಥೆ, ಆಟಗಳನ್ನು ಬಳಸಿದ್ದುಂಟು. ಸಾಹಿತ್ಯದ ಕಡೆ, ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದುದು, ಮನಸ್ಸಿನ ರೋಗಗಳನ್ನು ಕುರಿತು ಕನ್ನಡದಲ್ಲಿ ಗಂಭೀರವಾಗಿ ಮಾತನಾಡಬಹುದೆಂಬುದಕ್ಕೆ ಸಾಕ್ಷಿ.

ಕುವೈತಿನಲ್ಲಿಯೂ ಈ ನೆಲ ಬರಡಲ್ಲ. 1989ರಲ್ಲಿ ಹಿಲಾಲ್ ಅಲ್-ಸಾಯೆರ್ ದಂಪತಿಗಳ ಮುಂದಾಳ್ತನದಲ್ಲಿ ಹುಟ್ಟಿದ ಸಂಸ್ಥೆಯೊಂದು, ಆಸ್ಪತ್ರೆ ಸೇರಿದ ಮಕ್ಕಳಿಗಾಗಿ ವಾರ್ಡುಗಳಲ್ಲಿ ಆಟದ ಕೊಠಡಿಗಳನ್ನು ನಡೆಸುತ್ತ ಬಂದಿದೆ. 1990ರ ಇರಾಕಿ ಆಕ್ರಮಣದ ಅನಂತರ ಮಕ್ಕಳ ಮನೋವೇದನೆಯ ಅಧ್ಯಯನವೂ ಇಲ್ಲಿ ನಡೆಯಿತು.

ಇನ್ನು ಕನ್ನಡ ಸಂಘಗಳ ವಿಷಯ. ಉತ್ಸವಗಳಲ್ಲಿ ರಂಗೋಲಿ ಸ್ಪರ್ಧೆ, ಮಕ್ಕಳ ಚಿತ್ರಸ್ಪರ್ಧೆಗಳು ವಾಡಿಕೆಯಾಗಿವೆ. ಬಣ್ಣ, ಕಾಗದ, ಸೇರುವ ಜನ, ಎಲ್ಲವೂ ಸಿದ್ಧವಾಗಿವೆ. ಬಹುಮಾನವೊಂದನ್ನು ಮಾತ್ರ ಬಿಡಬೇಕು. ಅಂಕ ಕೊಡತಕ್ಕ ಕಣ್ಣಿನ ಮುಂದೆ ಯಾರೂ ತಮ್ಮ ದುಃಖವನ್ನು ಬರೆಯರು. ತರಬೇತಿ ಪಡೆದ, ಕನ್ನಡ ಬಲ್ಲ ಸಮಾಲೋಚಕರೊಬ್ಬರು ತಿಂಗಳಿಗೊಂದು ಶುಕ್ರವಾರ ನಾಲ್ಕೈದು ಸಂಸಾರಗಳನ್ನು ಕುಳ್ಳಿರಿಸಿದರೂ ಸಾಕು. ಬ್ಯಾಚುಲರ್ ರೂಮಿನವರಿಗೆ ಬೇರೊಂದು ಗುಂಪು ಬೇಕು. 2024ರ ಜೂನಿನಲ್ಲಿ ಸಮೀಪದ ಮಂಗಾಫಿನ ಕಟ್ಟಡದಲ್ಲಿ ಬೆಂಕಿ ಹೊತ್ತಿ, ಬಹುಪಾಲು ಭಾರತೀಯರೇ ಆದ ಸುಮಾರು ಐವತ್ತು ದುಡಿಮೆಗಾರರು ಮಡಿದ ಮೇಲಾದರೂ, ಅಂಥವರ ಭಯಶೋಕಗಳು ಗುಂಪಿನಲ್ಲಿ ಹಂಚಿಕೊಳ್ಳಬೇಕಾದುವೆಂದು ನಾವು ಅರಿಯಬೇಕಾಗಿದೆ. ಊರಿನಲ್ಲಿರುವ ಹೆಂಡತಿಮಕ್ಕಳು ಹಾಳೆಯ ಅರ್ಧವನ್ನೂ ಇಲ್ಲಿಯ ತಂದೆ ಉಳಿದರ್ಧವನ್ನೂ ವಿಡಿಯೋ ಕರೆಯಲ್ಲಿ ಪರಸ್ಪರ ನೋಡುತ್ತ ಬರೆಯುವುದೂ ಅಸಾಧ್ಯವಲ್ಲ.

ಆದರೆ ಒಬ್ಬರಿಗೊಬ್ಬರು ಪರಿಚಿತರಾಗಿರುವ ಸಣ್ಣ ಸಮಾಜದಲ್ಲಿ ಒಂದು ಕಟ್ಟುಪಾಡು ಅತ್ಯವಶ್ಯ: ಅಲ್ಲಿ ಬರೆದ ಚಿತ್ರವನ್ನು ಸಂಘದ ಗೋಡೆಗೆ ಅಂಟಿಸಲಾಗದು, ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಲಾಗದು, ಅದನ್ನು ಮನೆಗೆ ಒಯ್ಯುವುದೋ ಹರಿದುಹಾಕುವುದೋ ಎಂಬುದನ್ನು ಬರೆದವರೇ ನಿಶ್ಚಯಿಸತಕ್ಕದ್ದು.