ಬಿಕಾಂ ಬೆಂಚಿನ ಇತಿಹಾಸ, ಭಾಗ 5: ಸಹಿ ಯಾರ ತಲೆ ಮೇಲೆ?

(1/6)
ಮೊದಲು ಒಂದು ಲೆಕ್ಕ. 1976ರ ಜುಲೈ 23ರಂದು ಅಮೆರಿಕದ ಒಬ್ಬ ಹುಡುಗ ರೇಡಿಯೊ ಶ್ಯಾಕ್ ಅನ್ನೋ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಒಂದು ಚೆಕ್ ಬರೆದ. ಮೊತ್ತ 4 ಡಾಲರ್ 1 ಸೆಂಟ್. 2023ರಲ್ಲಿ ಅದೇ ಚೆಕ್ ಹರಾಜಿನಲ್ಲಿ 46,063 ಡಾಲರ್‌ಗೆ ಹೋಯ್ತು. ಅದನ್ನ ತಗೊಂಡು ಬ್ಯಾಂಕಿಗೆ ಹೋದ್ರೆ ಇವತ್ತು ನಾಲ್ಕು ಡಾಲರೂ ಸಿಗಲ್ಲ. ಬೆಲೆ ಇದ್ದಿದ್ದು ಕೆಳಗಿನ ಸಹಿಗೆ: ಸ್ಟೀವ್ ಜಾಬ್ಸ್. ಆಗ ಅವನಿಗೆ 21. ನಮಗಿಂತ ಒಂದೇ ವರ್ಷ ದೊಡ್ಡವನು.

(2/6)
ಸ್ಟ್ಯಾಂಪ್, ನಾಣ್ಯ ಕೂಡಿಡೋರು ನಮಗೆಲ್ಲ ಗೊತ್ತು. ಹಾಗೇ ಹಳೇ ಷೇರು ಪತ್ರ, ಬಾಂಡ್ ಕೂಡಿಡೋರೂ ಇದ್ದಾರೆ. ಈ ಹವ್ಯಾಸಕ್ಕೆ ಸ್ಕ್ರಿಪೊಫಿಲಿ ಅಂತ ಹೆಸರು. ದೊಡ್ಡವರ ಸಹಿ ಇರೋ ಚೆಕ್, ಕರಾರು ಪತ್ರಗಳಿಗೂ ಇದೇ ಥರ ಹುಡುಕಾಟ ನಡೆಯುತ್ತೆ. ಇವರು ಮೊದಲು ನೋಡೋದು ಸಹಿ ಕೈಯಲ್ಲಿ ಹಾಕಿದ್ದಾ, ಅಚ್ಚಾಗಿದ್ದಾ ಅಂತ. ನಮ್ಮ ನೋಟಿನ ಮೇಲೂ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಇದೆ. 1982ರಿಂದ 1985ರವರೆಗೆ ಗವರ್ನರ್ ಆಗಿದ್ದ ಮನಮೋಹನ್ ಸಿಂಗ್ ಅವರ ಸಹಿ ಇರೋ ನೋಟುಗಳೂ ಇವೆ. ಆದರೆ ಅದು ಅಚ್ಚಾದ ಸಹಿ. ಪೆನ್ನು ಹಿಡಿದು ಹಾಕಿದ ಸಹಿಯ ಕಥೆಯೇ ಬೇರೆ.

(3/6)
ಈಗ ನೂರು ವರ್ಷ ಹಿಂದಕ್ಕೆ ಹೋಗೋಣ. 1870ರ ಜನವರಿ, ಅಮೆರಿಕದ ಒಹಾಯೊ. 30 ವರ್ಷದ ಜಾನ್ ಡಿ. ರಾಕ್‌ಫೆಲರ್ ತನ್ನ ಜೊತೆಗಾರರ ಜೊತೆ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಶುರು ಮಾಡಿದ. ಬಂಡವಾಳ 10 ಲಕ್ಷ ಡಾಲರ್, 100 ಡಾಲರ್‌ನ 10,000 ಷೇರು. ಷೇರು ಪತ್ರಗಳಿಗೆ ಅಧ್ಯಕ್ಷನಾಗಿ ರಾಕ್‌ಫೆಲರ್, ಕಾರ್ಯದರ್ಶಿಯಾಗಿ ಹೆನ್ರಿ ಫ್ಲ್ಯಾಗ್ಲರ್ ಕೈಯಾರೆ ಸಹಿ ಹಾಕ್ತಿದ್ರು. ಷೇರು ಕೈ ಬದಲಾದಾಗ ಹಳೇ ಪತ್ರ ಕಂಪನಿಗೆ ವಾಪಸ್ ಬರ್ತಿತ್ತು. ಅದನ್ನ ರದ್ದು ಮಾಡಿ ಹೊಸಬರಿಗೆ ಹೊಸ ಪತ್ರ ಕೊಡೋದು. 1911ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಸ್ಟ್ಯಾಂಡರ್ಡ್ ಆಯಿಲ್ 34 ಕಂಪನಿಗಳಾಗಿ ಒಡೀತು. ಆದ್ರೆ ಆ ರದ್ದಾದ ಕಾಗದಗಳನ್ನ ಸಂಗ್ರಹಕಾರರು ಇವತ್ತಿಗೂ ಹುಡುಕ್ತಾರೆ.

ಇಲ್ಲೊಂದು ಪಾಯಿಂಟ್ ಗಮನಿಸಿ. ಆ ಸಹಿ ರಾಕ್‌ಫೆಲರ್ ಕೈಯದ್ದು, ಮಾತು ಮಾತ್ರ ಕಂಪನಿಯದ್ದು. ಕಂಪನಿ ಮುಳುಗಿದ್ರೆ ಷೇರುದಾರ ಹಾಕಿದ ದುಡ್ಡು ಹೋಗುತ್ತೆ ನಿಜ, ಆದರೆ ಪತ್ರಕ್ಕೆ ಸಹಿ ಹಾಕಿದ ಅಂತ ಸಾಲಗಾರರು ಬಂದು ಅಧ್ಯಕ್ಷನ ಮನೆ ಬರೆಸ್ಕೊಳ್ಳೋಕಾಗಲ್ಲ.

(4/6)
ಪಾಲುದಾರಿಕೆ ಹಾಗಲ್ಲ. 1976ರ ಏಪ್ರಿಲ್ 1ರಂದು ಆ್ಯಪಲ್ ಹುಟ್ಟಿದ್ದು ಕಂಪನಿಯಾಗಿ ಅಲ್ಲ, ಪಾಲುದಾರಿಕೆಯಾಗಿ. ಕರಾರು ಬರೆದವನು ರಾನ್ ವೇಯ್ನ್, ವಯಸ್ಸು 41. ಜಾಬ್ಸ್‌ಗೆ 45%, ವೋಜ್ನಿಯಾಕ್‌ಗೆ 45%, ವೇಯ್ನ್‌ಗೆ 10%. ಮೂರೂ ಜನ ಸಹಿ ಹಾಕಿದ್ರು. ಹನ್ನೆರಡನೇ ದಿನಕ್ಕೆ ವೇಯ್ನ್ ಹೊರಗೆ ಬಂದ. ಪಾಲಿಗೆ ಸಿಕ್ಕಿದ್ದು 800 ಡಾಲರ್.

ರೀಲ್ಸ್‌ಗಳಲ್ಲಿ ಇವನನ್ನ ‘ಜಗತ್ತಿನ ದೊಡ್ಡ ದಡ್ಡ’ ಅಂತ ಆಡ್ಕೊಳ್ತಾರೆ. ಅವನ ಜಾಗದಲ್ಲಿ ನಿಂತು ನೋಡಿ. ಮೊದಲ ದೊಡ್ಡ ಆರ್ಡರ್‌ಗೆ ಬಿಡಿಭಾಗಗಳನ್ನ ಸಾಲಕ್ಕೆ ತರಬೇಕಿತ್ತು. ಆರ್ಡರ್ ಕೊಟ್ಟ ಅಂಗಡಿ ದುಡ್ಡು ಸರಿಯಾಗಿ ಕೊಡಲ್ಲ ಅಂತ ಅವನ ಕಿವಿಗೆ ಬಿದ್ದಿತ್ತು. ವ್ಯವಹಾರ ಮಗುಚಿದ್ರೆ ಪಾಲುದಾರರ ಸ್ವಂತ ಆಸ್ತಿಗೂ ಕೈ ಹಾಕಬಹುದು. ಇಬ್ಬರು ಹುಡುಗರ ಹತ್ರ ವಸೂಲಿ ಮಾಡೋಕೆ ಏನಿದೆ? ಆಸ್ತಿ ಅಂತ ಇದ್ದಿದ್ದು ವೇಯ್ನ್ ಹತ್ರ. ಹಿಂದೊಮ್ಮೆ ಸ್ವಂತ ವ್ಯವಹಾರದಲ್ಲಿ ಕೈ ಸುಟ್ಕೊಂಡು ಸಾಲ ತೀರಿಸಿದ್ದವನು ಅವನು. ಲಾಭದಲ್ಲಿ 10%, ನಷ್ಟ ಬಂದ್ರೆ ಇಡೀ ಸಾಲ ತಲೆ ಮೇಲೆ!

ತನ್ನ ಹತ್ರ ಇದ್ದ ಆ ಕರಾರು ಪತ್ರವನ್ನ ವೇಯ್ನ್ 1990ರ ದಶಕದ ಆರಂಭದಲ್ಲಿ 500 ಡಾಲರ್‌ಗೆ ಮಾರಿದ. 2011ರಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಅದು ಸುಮಾರು 16 ಲಕ್ಷ ಡಾಲರ್‌ಗೆ ಹೋಯ್ತು.

(5/6)
ಇದನ್ನ ಯಾಕೆ ಬರೀತಿದೀನಿ ಅಂದ್ರೆ, ನಮ್ಮನೆ ಬೀರುವಿನಲ್ಲೂ ಸಹಿ ಇರೋ ಒಂದು ಕಾಗದ ಇದೆ. ನಾನು ಏಳನೇ ಕ್ಲಾಸಲ್ಲಿದ್ದಾಗ ಅಪ್ಪ ಸ್ನೇಹಿತರೊಬ್ಬರ ಸಾಲಕ್ಕೆ ಜಾಮೀನು ಹಾಕಿದ್ರು. ಎರಡು ಕಂತು ಕಟ್ಟಿ ಅವರು ಊರು ಬಿಟ್ರು. ಉಳಿದದ್ದನ್ನ ಅಪ್ಪ ಮೂರು ವರ್ಷ ಕಟ್ಟಿದ್ರು. ಅಮ್ಮನ ಬಳೆ ಹೋಯ್ತು. ‘ಒಂದು ಸಹಿಗೆ ಇಷ್ಟಾ?’ ಅಂತ ನಾನು ಆಗ ಅಪ್ಪನ ಮೇಲೆ ಸಿಟ್ಟಾಗಿದ್ದೆ.

ಮೊದಲ ವರ್ಷದ ಬಿಸಿನೆಸ್ ಲಾ ಕ್ಲಾಸಲ್ಲಿ ಉತ್ತರ ಸಿಕ್ತು. 1872ರ ಕರಾರು ಕಾಯ್ದೆ, ಸೆಕ್ಷನ್ 128: ಬೇರೆ ಒಪ್ಪಂದ ಇಲ್ಲದಿದ್ರೆ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಎಲ್ಲರೂ ಐದು ಮಾರ್ಕ್ಸಿಗೆ ಬರ್ಕೊಂಡ್ರು. ನಾನು ಪೆನ್ನು ಕೆಳಗಿಟ್ಟು ಸುಮ್ಮನೆ ಕೂತಿದ್ದೆ.

ಸಂಗ್ರಹಕಾರರ ಕೈಗೆ ಬರೋ ಹೊತ್ತಿಗೆ ಸಹಿಯೊಳಗಿನ ಭಯ ಆರಿರುತ್ತೆ. ಹಾಕಿದ ದಿನ ಅದು ಬಿಸಿಯಾಗೇ ಇತ್ತು. ಅಪ್ಪನ ಸಹಿಗೆ ಯಾವ ಹರಾಜಿನಲ್ಲೂ ಬೆಲೆ ಬರಲ್ಲ. ಆದ್ರೂ ಅವರು ಅದನ್ನ ಪೂರ್ತಿ ತೀರಿಸಿದ್ರು.

(6/6)
ಎರಡು ಉಪಯೋಗದ ಮಾತು.
👉 ಮನೇಲಿ ತಾತನ ಕಾಲದ ಷೇರು ಪತ್ರ ಇದ್ರೆ ಹಳೇ ಕಾಗದ ಅಂತ ಮಾರೋಕೆ ಹೋಗ್ಬೇಡಿ. ಆ ಕಂಪನಿ ಇನ್ನೂ ಇದೆಯಾ, ಬೇರೆಯದ್ರಲ್ಲಿ ಸೇರಿದೆಯಾ ಮೊದಲು ನೋಡಿ. 2019ರ ಏಪ್ರಿಲ್ 1ರಿಂದ ಪಟ್ಟಿಯಲ್ಲಿರೋ ಕಂಪನಿಗಳ ಷೇರು ವರ್ಗಾವಣೆಗೆ ಡಿಮ್ಯಾಟ್ ಬೇಕೇ ಬೇಕು.
👉 ಫ್ರೆಂಡ್ ಬಂದು ‘ಬೈಕ್ ಲೋನಿಗೆ ಒಂದು ಸಹಿ ಹಾಕು ಮಗಾ’ ಅಂದ್ರೆ ಕಾಗದ ಪೂರ್ತಿ ಓದಿ. ಅವನ ಕಂತು ನಿಂತ್ರೆ ನಿಮ್ಮ ಕೈಲಿ ಕಟ್ಟೋಕಾಗುತ್ತಾ? ಆಗಲ್ಲ ಅಂದ್ರೆ ಇವತ್ತೇ ‘ಆಗಲ್ಲ’ ಅನ್ನಿ.

ನೀವು ವೇಯ್ನ್ ಜಾಗದಲ್ಲಿದ್ದಿದ್ರೆ ಇರ್ತಿದ್ರಾ, ಹೊರಗೆ ಬರ್ತಿದ್ರಾ? ಕಾಮೆಂಟಲ್ಲಿ ನಿಜ ಹೇಳಿ 😄

ಭಾಗ 6: ಚಂದ್ರನಿಗೆ ಹೊರಟ ದಿನ ನೀಲ್ ಆರ್ಮ್‌ಸ್ಟ್ರಾಂಗ್ ಸಹಿ ಹಾಕಿದ ಹತ್ತೂವರೆ ಡಾಲರ್ ಚೆಕ್.

#ಬಿಕಾಂಬೆಂಚಿನಇತಿಹಾಸ #ಹಳೇಕಾಗದ #ಕನ್ನಡ