ಟೇಬಲ್ ಟೆನಿಸ್: ಚೆಂಡು ನೆಟ್‌ಗೆ ಬಡಿಯುವುದೇಕೆ, ಟೇಬಲ್ ದಾಟುವುದೇಕೆ? ಬ್ಯಾಟ್ ಕೋನದ ಪೂರ್ಣ ಲೆಕ್ಕಾಚಾರ ಇಲ್ಲಿದೆ

ಒಂದು ಚೆಂಡು ನೆಟ್‌ಗೆ ಬಡಿಯುತ್ತದೆ. ಮುಂದಿನದು ಟೇಬಲ್ ದಾಟಿ ಗೋಡೆಗೆ ಹೋಗುತ್ತದೆ. ಅಪಾರ್ಟ್‌ಮೆಂಟ್‌ನ ಕ್ಲಬ್‌ಹೌಸ್ ಇರಲಿ, ಕಚೇರಿಯ ರಿಕ್ರಿಯೇಷನ್ ರೂಮ್ ಇರಲಿ, ಟೇಬಲ್ ಟೆನಿಸ್ ಆಡುವ ಹೆಚ್ಚಿನವರು ಇದಕ್ಕೆ ಕೊಡುವ ಕಾರಣ ಒಂದೇ: 'ಹೊಡೆತ ಜೋರಾಯಿತು' ಅಥವಾ 'ಸಾಲಲಿಲ್ಲ'. ಆದರೆ ಬಹಳಷ್ಟು ಸಲ ತಪ್ಪು ಬಲದಲ್ಲಿ ಇರುವುದಿಲ್ಲ. ಚೆಂಡು ತಾಗುವ ಕ್ಷಣದಲ್ಲಿ ಬ್ಯಾಟ್ ಎಷ್ಟು ವಾಲಿತ್ತು ಎಂಬುದರಲ್ಲಿ ಇರುತ್ತದೆ.

ನಿಯಮ ಪುಸ್ತಕ ರಾಕೆಟ್ ಎಂದು ಕರೆಯುವ, ಆಡುವವರು ಬ್ಯಾಟ್ ಎನ್ನುವ ಈ ಸಾಧನದ ಕೋನವನ್ನು ಹಿಡಿತದಲ್ಲಿಟ್ಟುಕೊಳ್ಳುವುದೇ ಈ ಆಟದ ಮೊದಲ ಪಾಠ. ದುಬಾರಿ ರಬ್ಬರ್ ಕೊಂಡರೂ ಈ ಪಾಠ ತಪ್ಪುವುದಿಲ್ಲ.

ಮುಚ್ಚಿದ ಬ್ಯಾಟ್, ತೆರೆದ ಬ್ಯಾಟ್ ಎಂದರೇನು?

ಚೆಂಡು ಹೊಡೆಯುವ ಮುಖ ಟೇಬಲ್‌ಗೆ ಲಂಬವಾಗಿ ನಿಂತಿದ್ದರೆ ಅದು ನೇರ ಕೋನ. ಆ ಮುಖ ಟೇಬಲ್ ಕಡೆಗೆ ಬಾಗಿದ್ದರೆ ಬ್ಯಾಟ್ 'ಮುಚ್ಚಿದೆ' ಎನ್ನುತ್ತಾರೆ. ಛಾವಣಿ ಕಡೆಗೆ ವಾಲಿದ್ದರೆ 'ತೆರೆದಿದೆ' ಎನ್ನುತ್ತಾರೆ. ತರಬೇತುದಾರರು ಹೇಳುವ 'ಕ್ಲೋಸ್ ಮಾಡು', 'ಓಪನ್ ಮಾಡು' ಎಂಬ ಮಾತುಗಳ ಅರ್ಥ ಇಷ್ಟೇ.

ಇದನ್ನು ಚೆಂಡಿನ ಕಡೆಯಿಂದಲೂ ನೋಡಬಹುದು. ಮುಚ್ಚಿದ ಬ್ಯಾಟ್ ಚೆಂಡಿನ ಮೇಲ್ಭಾಗವನ್ನು ಮುಟ್ಟುತ್ತದೆ, ನೇರ ಬ್ಯಾಟ್ ಹಿಂಭಾಗವನ್ನು, ತೆರೆದ ಬ್ಯಾಟ್ ಕೆಳಭಾಗವನ್ನು. ಡಿಗ್ರಿ ಲೆಕ್ಕ ಹಾಕುವುದಕ್ಕಿಂತ 'ಚೆಂಡಿನ ಯಾವ ಭಾಗ ಮುಟ್ಟಬೇಕು' ಎಂದು ಯೋಚಿಸುವುದು ಮಕ್ಕಳಿಗೂ ಹೊಸಬರಿಗೂ ಸುಲಭ.

5 ಡಿಗ್ರಿ ತಪ್ಪಿದರೆ ಏನಾಗುತ್ತದೆ?

ಟೇಬಲ್‌ನ ಉದ್ದ 2.74 ಮೀಟರ್. ಅಂಚಿನಿಂದ ನೆಟ್‌ಗೆ ಇರುವ ದೂರ 1.37 ಮೀಟರ್. ನೆಟ್‌ನ ಎತ್ತರ 15.25 ಸೆಂ.ಮೀ. ಕನ್ನಡಿಗೆ ಬಿದ್ದ ಬೆಳಕಿನಂತೆ ಚೆಂಡು ಬ್ಯಾಟ್‌ನಿಂದ ಹಿಂದಿರುಗುತ್ತದೆ ಎಂದು ಸರಳವಾಗಿ ಭಾವಿಸೋಣ. ಆಗ ಬ್ಯಾಟ್ 5 ಡಿಗ್ರಿ ತಿರುಗಿದರೆ ಚೆಂಡಿನ ದಾರಿ 10 ಡಿಗ್ರಿ ತಿರುಗುತ್ತದೆ. ಅಂಚಿನ ಬಳಿ ಹೊಡೆದ ಚೆಂಡು ನೆಟ್ ತಲುಪುವಷ್ಟರಲ್ಲಿ ಈ ವ್ಯತ್ಯಾಸ ಸುಮಾರು 24 ಸೆಂ.ಮೀ. ಆಗುತ್ತದೆ. ಅಂದರೆ ನೆಟ್‌ನ ಎತ್ತರಕ್ಕಿಂತಲೂ ಹೆಚ್ಚು!

ಗಡಿಯಾರದ ನಿಮಿಷದ ಮುಳ್ಳು ಒಂದು ನಿಮಿಷಕ್ಕೆ 6 ಡಿಗ್ರಿ ಸರಿಯುತ್ತದೆ. ಅಷ್ಟು ಸಣ್ಣ ತಿರುವು ಒಳ್ಳೆಯ ಬ್ಲಾಕ್ ಅನ್ನು ನೆಟ್‌ಗೆ ಕಳುಹಿಸಲು ಸಾಕು. ರಬ್ಬರ್‌ನ ಹಿಡಿತ, ಚೆಂಡಿನ ಸ್ಪಿನ್, ತೋಳಿನ ವೇಗ ಸೇರಿದಾಗ ಈ ಅಂಕಿಗಳು ಬದಲಾಗುತ್ತವೆ. ಆದರೆ ಸಣ್ಣ ಕೋನ, ದೊಡ್ಡ ವ್ಯತ್ಯಾಸ ಎಂಬ ಮಾತು ಬದಲಾಗುವುದಿಲ್ಲ. ಹಾಗಾಗಿ ಕೋನ ತಿದ್ದುವಾಗಲೂ ಸ್ವಲ್ಪ ಸ್ವಲ್ಪವೇ ತಿದ್ದಬೇಕು. ನೆಟ್‌ಗೆ ಹೋಯಿತೆಂದು ಬ್ಯಾಟ್ ಅನ್ನು ಪೂರ್ತಿ ತೆರೆದರೆ ಮುಂದಿನ ಚೆಂಡು ಟೇಬಲ್‌ನ ಹೊರಗೆ ಹೋಗುವುದು ಖಚಿತ.

ಸ್ಪಿನ್ ಬಂದಾಗ ಕೋನ ಬದಲಾಗಬೇಕು, ಏಕೆ?

ಚೆಂಡು ಕನ್ನಡಿಯ ಬೆಳಕಿನಂತೆ ವರ್ತಿಸದಿರಲು ಮುಖ್ಯ ಕಾರಣ ಸ್ಪಿನ್.

ಟಾಪ್‌ಸ್ಪಿನ್ ಚೆಂಡು ಮುಂದಕ್ಕೆ ಉರುಳುವಂತೆ ತಿರುಗುತ್ತಾ ಬರುತ್ತದೆ. ಬ್ಯಾಟ್‌ಗೆ ತಾಗುವ ಅದರ ಮುಂಭಾಗ ಕೆಳಮುಖವಾಗಿ ಚಲಿಸುತ್ತಿರುತ್ತದೆ. ರಬ್ಬರ್ ಅದನ್ನು ಹಿಡಿದ ಕೂಡಲೇ ಘರ್ಷಣೆಯಿಂದ ಚೆಂಡು ಮೇಲಕ್ಕೆ ಏರುತ್ತದೆ. ಬ್ಯಾಟ್ ಮುಚ್ಚದಿದ್ದರೆ ಅದು ಟೇಬಲ್ ದಾಟಿ ಹೋಗುತ್ತದೆ.

ಬ್ಯಾಕ್‌ಸ್ಪಿನ್ ಚೆಂಡು ಇದಕ್ಕೆ ತದ್ವಿರುದ್ಧ. ಅದರ ಮುಂಭಾಗ ಮೇಲ್ಮುಖವಾಗಿ ತಿರುಗುತ್ತಿರುವುದರಿಂದ ರಬ್ಬರ್‌ಗೆ ತಾಗಿದ ಮೇಲೆ ಚೆಂಡು ಕೆಳಗೆ ಇಳಿಯುತ್ತದೆ. ಅದೇ ಕೋನದಲ್ಲಿ ಬ್ಯಾಟ್ ಇಟ್ಟರೆ ಚೆಂಡು ನೇರ ನೆಟ್‌ಗೆ. ಇಲ್ಲಿ ಬ್ಯಾಟ್ ತೆರೆಯಬೇಕು, ಇಲ್ಲವೇ ತೋಳು ಮೇಲ್ಮುಖವಾಗಿ ಬೀಸಬೇಕು.

ಸೈಡ್‌ಸ್ಪಿನ್ ಚೆಂಡು ಪಕ್ಕಕ್ಕೆ ಜಾರುತ್ತದೆ. ಇಂಥ ಸರ್ವ್ ಎದುರಿಸಲು ಒಂದು ಸರಳ ಸೂತ್ರವಿದೆ: ಎದುರಾಳಿಯ ಬ್ಯಾಟ್ ಯಾವ ಕಡೆಯಿಂದ ಹೊರಟಿತೋ ಆ ಕಡೆಗೆ ನಿಮ್ಮ ಬ್ಯಾಟ್‌ನ ಮುಖ ತಿರುಗಿಸಿ. ಚೆಂಡು ಟೇಬಲ್ ಒಳಗೇ ಉಳಿಯುತ್ತದೆ.

ಇಲ್ಲೇ ಒಂದು ಸೂಕ್ಷ್ಮವಿದೆ. ಬ್ಯಾಟ್ ಅನ್ನು ಸುಮ್ಮನೆ ಅಡ್ಡ ಹಿಡಿದಾಗ ಎದುರಾಳಿಯ ಸ್ಪಿನ್‌ಗೆ ಪೂರ್ತಿ ಅಧಿಕಾರ ಸಿಗುತ್ತದೆ. ಆಗ ಕೋನ ಒಂದೇ ರಕ್ಷಣೆ. ತೋಳು ಬೀಸಿ ನಮ್ಮದೇ ಸ್ಪಿನ್ ಕೊಟ್ಟಾಗ ಬಂದ ಸ್ಪಿನ್‌ನ ಪ್ರಭಾವ ಕುಗ್ಗುತ್ತದೆ, ಕೋನದ ಸಣ್ಣ ತಪ್ಪು ಕ್ಷಮೆಯಾಗುತ್ತದೆ. ಹೆದರಿ ಮೆಲ್ಲಗೆ ಮುಟ್ಟಿದ ಚೆಂಡೇ ಹೆಚ್ಚಾಗಿ ತಪ್ಪಿಹೋಗುವುದಕ್ಕೆ ಇದು ಕಾರಣ.

ಯಾವ ಹೊಡೆತಕ್ಕೆ ಯಾವ ಕೋನ?

ಪುಶ್: ಬ್ಯಾಕ್‌ಸ್ಪಿನ್ ಚೆಂಡಿಗೆ ಬ್ಯಾಕ್‌ಸ್ಪಿನ್‌ನಲ್ಲೇ ಉತ್ತರ. ಬ್ಯಾಟ್ ತೆರೆದಿರಬೇಕು, ಚೆಂಡಿನ ಕೆಳಭಾಗವನ್ನು ಮುಂದಕ್ಕೆ ಸವರಬೇಕು. ಬಂದ ಸ್ಪಿನ್ ಹೆಚ್ಚಿದ್ದಷ್ಟೂ ಬ್ಯಾಟ್ ಹೆಚ್ಚು ತೆರೆಯಬೇಕು.

ಬ್ಲಾಕ್: ಟಾಪ್‌ಸ್ಪಿನ್ ಚೆಂಡು ಪುಟಿದು ಮೇಲೇರುತ್ತಿರುವಾಗಲೇ ಬ್ಯಾಟ್ ಮುಚ್ಚಿ ಅಡ್ಡ ಹಿಡಿಯುವುದು. ತೋಳಿನ ಚಲನೆ ತೀರಾ ಕಡಿಮೆ. ಕೋನದ ಮೇಲೆ ಅತಿ ಹೆಚ್ಚು ಅವಲಂಬಿತವಾದ ಹೊಡೆತ ಇದೇ.

ಡ್ರೈವ್: ಬ್ಯಾಟ್ ಸ್ವಲ್ಪ ಮುಚ್ಚಿರುತ್ತದೆ, ತೋಳು ಮುಂದಕ್ಕೂ ತುಸು ಮೇಲಕ್ಕೂ ಸಾಗುತ್ತದೆ. ಹೊಸಬರು ಮೊದಲು ಕಲಿಯುವುದು ಇದನ್ನೇ.

ಲೂಪ್: ಇಲ್ಲಿ ಎರಡು ಬಗೆ. ಟಾಪ್‌ಸ್ಪಿನ್ ಚೆಂಡಿಗೆ ಲೂಪ್ ಮಾಡುವಾಗ ಬ್ಯಾಟ್ ಚೆನ್ನಾಗಿ ಮುಚ್ಚಿರಬೇಕು, ಬೀಸು ಮುಂದಕ್ಕೆ ಇರಬೇಕು. ಬ್ಯಾಕ್‌ಸ್ಪಿನ್ ಚೆಂಡಿಗೆ ಬ್ಯಾಟ್ ಬಹುತೇಕ ನೇರವಾಗಿರಬೇಕು, ಬೀಸು ಮೊಣಕಾಲಿನ ಮಟ್ಟದಿಂದ ಮೇಲಕ್ಕೆ ಬರಬೇಕು. ಎರಡನ್ನೂ ಒಂದೇ ರೀತಿ ಹೊಡೆಯಲು ಹೋಗುವುದು ಕಲಿಯುವವರ ಅತಿ ಸಾಮಾನ್ಯ ತಪ್ಪು.

ಫ್ಲಿಕ್: ನೆಟ್ ಬಳಿ ಬಿದ್ದ ಗಿಡ್ಡ ಚೆಂಡಿಗೆ ಮಣಿಕಟ್ಟಿನ ಹೊಡೆತ. ಚೆಂಡಿನಲ್ಲಿ ಬ್ಯಾಕ್‌ಸ್ಪಿನ್ ಇದ್ದರೆ ಬ್ಯಾಟ್ ಸ್ವಲ್ಪ ತೆರೆದು ಎತ್ತಬೇಕು, ಸ್ಪಿನ್ ಇಲ್ಲದಿದ್ದರೆ ಮುಚ್ಚಿ ಹೊಡೆಯಬೇಕು.

ಚಾಪ್: ಟೇಬಲ್‌ನಿಂದ ದೂರ ನಿಂತು ರಕ್ಷಿಸುವವರ ಹೊಡೆತ. ಬ್ಯಾಟ್ ತೆರೆದು ಮೇಲಿನಿಂದ ಕೆಳಕ್ಕೆ ಸೀಳಬೇಕು. ಎದುರಾಳಿಯ ಟಾಪ್‌ಸ್ಪಿನ್ ಜೋರಾಗಿದ್ದರೆ ಬ್ಯಾಟ್ ನೇರ ಕೋನಕ್ಕೆ ಹತ್ತಿರ ಬರಬೇಕು.

ಸ್ಮ್ಯಾಶ್: ಎತ್ತರಕ್ಕೆ ಬಂದ ಚೆಂಡಿಗೆ ಮಾತ್ರ. ಚೆಂಡು ನೆಟ್‌ಗಿಂತ ಸಾಕಷ್ಟು ಮೇಲಿರುವುದರಿಂದ ಬ್ಯಾಟ್ ಮುಚ್ಚಿ ಕೆಳಮುಖವಾಗಿ ಬಾರಿಸಬಹುದು.

ಕೋನ ತಿದ್ದಬೇಕಾದದ್ದು ಮಣಿಕಟ್ಟಿನಿಂದಲೇ?

ಅಲ್ಲ. ಹೆಚ್ಚಿನ ಕೆಲಸ ಮುಂಗೈಯದ್ದು. ಕೈ ಕುಲುಕುವಂತೆ ಹಿಡಿಯುವ ಶೇಕ್‌ಹ್ಯಾಂಡ್ ಹಿಡಿತದಲ್ಲಿ ಮುಂಗೈ ಒಳಕ್ಕೆ ಅಥವಾ ಹೊರಕ್ಕೆ ಹೊರಳಿದಂತೆ ಬ್ಯಾಟ್ ಮುಚ್ಚುತ್ತದೆ, ತೆರೆಯುತ್ತದೆ. ಫೋರ್‌ಹ್ಯಾಂಡ್‌ನಲ್ಲಿ ಬ್ಯಾಟ್‌ನ ಹಿಂಬದಿಗೆ ಚಾಚಿದ ತೋರುಬೆರಳು, ಬ್ಯಾಕ್‌ಹ್ಯಾಂಡ್‌ನಲ್ಲಿ ಹೆಬ್ಬೆರಳು ಆಸರೆ ಕೊಡುತ್ತವೆ. ಸೂಕ್ಷ್ಮ ತಿದ್ದುಪಡಿ ಈ ಎರಡು ಬೆರಳುಗಳಿಂದ ಆಗುತ್ತದೆ. ಮಣಿಕಟ್ಟು ಸಡಿಲವಾಗಿ ಅಲ್ಲಾಡುತ್ತಿದ್ದರೆ ಪ್ರತಿ ಹೊಡೆತಕ್ಕೂ ಕೋನ ಬೇರೆಯಾಗುತ್ತದೆ. ಹಿಡಿತ ಬಿಗಿಯಾದರೂ ಕಷ್ಟವೇ, ಆಗ ಬೆರಳುಗಳು ಕೆಲಸ ಮಾಡುವುದಿಲ್ಲ.

ಪೆನ್ನು ಹಿಡಿದಂತೆ ಹಿಡಿಯುವ ಪೆನ್‌ಹೋಲ್ಡ್ ಶೈಲಿಯಲ್ಲಿ ಹೆಬ್ಬೆರಳು, ತೋರುಬೆರಳು ಮತ್ತು ಹಿಂದಿರುವ ಮೂರು ಬೆರಳುಗಳೇ ಕೋನ ನಿರ್ಧರಿಸುತ್ತವೆ. ಈ ಶೈಲಿಯವರ ಚೆಂಡಿಗೆ ಒಗ್ಗಿಕೊಳ್ಳಲು ಶೇಕ್‌ಹ್ಯಾಂಡ್ ಆಟಗಾರರಿಗೆ ಸಮಯ ಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್ ಮಹಿಳಾ ತಂಡ ವಿಭಾಗದ ಕ್ವಾರ್ಟರ್ ಫೈನಲ್‌ನಲ್ಲಿ ಭಾರತ 1-3ರಿಂದ ಜರ್ಮನಿಗೆ ಸೋತಿತು. ಆ ಪಂದ್ಯದಲ್ಲಿ ಭಾರತದ ಏಕೈಕ ಗೆಲುವು ತಂದವರು ಬೆಂಗಳೂರಿನ ಅರ್ಚನಾ ಕಾಮತ್. ಅವರು ಸೋಲಿಸಿದ ಶಾನ್ ಶಿಯಾನಾ ಪೆನ್‌ಹೋಲ್ಡ್ ಆಟಗಾರ್ತಿ.

ರಬ್ಬರ್ ಬದಲಾದರೆ ಲೆಕ್ಕವೂ ಬದಲು

ಇದಕ್ಕೆ ಇತಿಹಾಸದ ದೊಡ್ಡ ಸಾಕ್ಷಿ ಮುಂಬೈನಲ್ಲಿದೆ. 1952ರಲ್ಲಿ ಆಗಿನ ಬಾಂಬೆಯಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಜಪಾನ್‌ನ ಹಿರೋಜಿ ಸಾಟೋ ದಪ್ಪ ಸ್ಪಂಜ್ ಅಂಟಿಸಿದ ಬ್ಯಾಟ್ ಹಿಡಿದು ಬಂದರು. ಅಲ್ಲಿಯವರೆಗೆ ಗುಳ್ಳೆಗಳಿರುವ ತೆಳು ರಬ್ಬರ್ ಬ್ಯಾಟ್‌ನ 'ಟಕ್ ಟಕ್' ಸದ್ದಿಗೆ ಒಗ್ಗಿದ್ದ ಎದುರಾಳಿಗಳಿಗೆ ಸಾಟೋ ಬ್ಯಾಟ್‌ನ ಸದ್ದೇ ಕೇಳಿಸುತ್ತಿರಲಿಲ್ಲ. ಚೆಂಡಿನ ವೇಗ, ಸ್ಪಿನ್ ಎರಡೂ ಅಂದಾಜಿಗೆ ಸಿಗಲಿಲ್ಲ. ಸಾಟೋ ಪುರುಷರ ಸಿಂಗಲ್ಸ್ ಪ್ರಶಸ್ತಿ ಗೆದ್ದರು. 1959ರಲ್ಲಿ ಬರೀ ಸ್ಪಂಜ್ ಬಳಕೆಗೆ ತಡೆ ಬಿದ್ದು, ಸ್ಪಂಜ್ ಮೇಲೆ ರಬ್ಬರ್ ಹೊದಿಸಿದ 'ಸ್ಯಾಂಡ್‌ವಿಚ್' ಬ್ಯಾಟ್‌ಗೆ 4 ಮಿ.ಮೀ. ದಪ್ಪದ ಮಿತಿ ಬಂತು. ಇಂದಿಗೂ ಇದೇ ಮಿತಿ.

ನುಣುಪು ಮುಖದ ಅಂಟು ರಬ್ಬರ್ ಹೆಚ್ಚು ಸ್ಪಿನ್ ಕೊಡುತ್ತದೆ. ಆದರೆ ಎದುರಾಳಿಯ ಸ್ಪಿನ್‌ಗೂ ಅಷ್ಟೇ ಬೇಗ ಸ್ಪಂದಿಸುತ್ತದೆ. ಕೋನ ಇನ್ನೂ ಹಿಡಿತಕ್ಕೆ ಬಾರದವರು ಇಂಥ ವೇಗದ, ಅಂಟು ರಬ್ಬರ್ ಹಾಕಿಸಿಕೊಂಡರೆ ತಪ್ಪು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಮೊದಲ ಬ್ಯಾಟ್ ಸಾಧಾರಣ ವೇಗದ್ದೇ ಆಗಿರಲಿ ಎನ್ನುವುದು ಇದಕ್ಕೇ.

ಉದ್ದ ಗುಳ್ಳೆಗಳ ಲಾಂಗ್ ಪಿಂಪಲ್ಸ್ ರಬ್ಬರ್ ಚೆಂಡನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಹಾಗಾಗಿ ನೀವು ಕಳುಹಿಸಿದ ಸ್ಪಿನ್ ಬಹುಮಟ್ಟಿಗೆ ಹಾಗೇ ಉಳಿದು, ನಿಮ್ಮ ಕಡೆಗೆ ಉಲ್ಟಾ ಆಗಿ ಬರುತ್ತದೆ. ಜೋರಾದ ಟಾಪ್‌ಸ್ಪಿನ್ ಹೊಡೆದರೆ ಬ್ಯಾಕ್‌ಸ್ಪಿನ್ ಆಗಿ ವಾಪಸ್! ಅಭ್ಯಾಸಬಲದಿಂದ ಬ್ಯಾಟ್ ಮುಚ್ಚಿದವರ ಚೆಂಡು ನೆಟ್‌ಗೆ. ಬ್ಯಾಕ್‌ಹ್ಯಾಂಡ್‌ನಲ್ಲಿ ಇಂಥ ರಬ್ಬರ್ ಬಳಸುವ ಮಣಿಕಾ ಬಾತ್ರಾ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಒಲಿಂಪಿಕ್ ಪದಕ ವಿಜೇತೆ, ಸಿಂಗಾಪುರದ ಫೆಂಗ್ ಟಿಯಾನ್‌ವೇ ಅವರನ್ನು ಸೋಲಿಸಿ, ಮಹಿಳಾ ಸಿಂಗಲ್ಸ್ ಚಿನ್ನವನ್ನೂ ಗೆದ್ದರು. ಅವರು ಆಟದ ನಡುವೆ ಬ್ಯಾಟ್ ತಿರುಗಿಸಿ ಎರಡೂ ಕಡೆಯ ರಬ್ಬರ್ ಬಳಸುವುದರಿಂದ ಎದುರಾಳಿ ಪ್ರತಿ ಚೆಂಡಿಗೂ ಕೋನ ಮರುಲೆಕ್ಕ ಹಾಕಬೇಕಾಗುತ್ತದೆ.

ಬ್ಯಾಟ್‌ನ ಎರಡು ಬದಿಗೆ ಎರಡು ಬಣ್ಣ ಇರಬೇಕೆಂಬ ನಿಯಮ ಬಂದದ್ದೂ ಇದಕ್ಕೇ. ಒಂದು ಬದಿ ಕಪ್ಪು, ಇನ್ನೊಂದು ಬದಿ ಅದಕ್ಕಿಂತ ಸ್ಪಷ್ಟವಾಗಿ ಬೇರೆಯಾಗಿ ಕಾಣುವ ಬಣ್ಣ ಇರಬೇಕು. ಯಾವ ರಬ್ಬರ್‌ನಿಂದ ಚೆಂಡು ಬಂತು ಎಂದು ತಿಳಿಯುವ ಹಕ್ಕು ಎದುರಾಳಿಗಿದೆ.

ಚೆಂಡಿಗಿಂತ ಮೊದಲು ಎದುರಾಳಿಯ ಬ್ಯಾಟ್ ನೋಡಿ

ಸೆಕೆಂಡಿಗೆ 10 ಮೀಟರ್ ವೇಗದ ಚೆಂಡು 3 ಮೀಟರ್ ಸಾಗಲು 0.3 ಸೆಕೆಂಡ್ ಸಾಕು. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಸುಮಾರು 0.2 ಸೆಕೆಂಡ್ ಬೇಕು. ಚೆಂಡು ಹತ್ತಿರ ಬಂದ ಮೇಲೆ ಕೋನ ಯೋಚಿಸಲು ಸಮಯವೇ ಇರುವುದಿಲ್ಲ. ಎದುರಾಳಿಯ ಬ್ಯಾಟ್ ಕೆಳಗಿನಿಂದ ಮೇಲಕ್ಕೆ ಹೋದರೆ ಟಾಪ್‌ಸ್ಪಿನ್, ಮೇಲಿನಿಂದ ಕೆಳಕ್ಕೆ ಬಂದರೆ ಬ್ಯಾಕ್‌ಸ್ಪಿನ್ ಎಂದು ಅಲ್ಲೇ ಗುರುತಿಸಿ ಬ್ಯಾಟ್ ಸಿದ್ಧಪಡಿಸಬೇಕು.

ಸರ್ವ್ ನಿಯಮಗಳೂ ಇದಕ್ಕೆ ನೆರವಾಗುತ್ತವೆ. ಚೆಂಡನ್ನು ತೆರೆದ ಅಂಗೈಯಿಂದ ಕನಿಷ್ಠ 16 ಸೆಂ.ಮೀ. ಮೇಲಕ್ಕೆ ಚಿಮ್ಮಿಸಬೇಕು, ದೇಹ ಅಥವಾ ಬಟ್ಟೆಯಿಂದ ಮರೆಮಾಡಬಾರದು. ಸ್ನೇಹಿತರ ನಡುವಿನ ಆಟದಲ್ಲೂ ಈ ನಿಯಮ ಪಾಲಿಸಿದರೆ ಸ್ಪಿನ್ ಓದುವ ಅಭ್ಯಾಸ ಬೇಗ ಬರುತ್ತದೆ.

ತಪ್ಪು ತಿದ್ದಿಕೊಳ್ಳುವುದು ಹೇಗೆ?

* ಒಂದೇ ಬಗೆಯ ಚೆಂಡಿಗೆ ಪದೇ ಪದೇ ನೆಟ್ ತಾಗುತ್ತಿದ್ದರೆ ಬ್ಯಾಟ್ ಸ್ವಲ್ಪ ತೆರೆಯಿರಿ. ಬಲ ಹೆಚ್ಚಿಸಬೇಡಿ.
* ಚೆಂಡು ಹೊರಹೋಗುತ್ತಿದ್ದರೆ ಸ್ವಲ್ಪ ಮುಚ್ಚಿ. ಬೀಸುವ ದಿಕ್ಕು ಹಾಗೇ ಇರಲಿ.
* ಒಮ್ಮೆಗೆ ಒಂದನ್ನೇ ಬದಲಿಸಿ. ಕೋನ, ಬಲ, ನಿಲುವು ಮೂರೂ ಒಟ್ಟಿಗೆ ಬದಲಾದರೆ ಯಾವುದು ಫಲಿಸಿತೆಂದು ತಿಳಿಯುವುದಿಲ್ಲ.
* ಒಮ್ಮೆ ನೆಟ್, ಒಮ್ಮೆ ಹೊರಗೆ ಎಂದಾಗುತ್ತಿದ್ದರೆ ಹಿಡಿತ ನೋಡಿಕೊಳ್ಳಿ. ಹೊಡೆತಗಳ ನಡುವೆ ಅದು ಜಾರುತ್ತಿರಬಹುದು.

ಅಭ್ಯಾಸಕ್ಕೆ ಜೊತೆಗಾರರೊಬ್ಬರು ಸಾಕು. ಅವರು ಒಂದೇ ಬಗೆಯ ಟಾಪ್‌ಸ್ಪಿನ್ ಚೆಂಡು ಕಳುಹಿಸಲಿ, ನೀವು ಬರೀ ಬ್ಲಾಕ್ ಮಾಡಿ 20 ಚೆಂಡುಗಳಲ್ಲಿ ಎಷ್ಟು ಟೇಬಲ್ ಮೇಲೆ ಬಿದ್ದವು ಎಂದು ಎಣಿಸಿ. ಅದು ಸರಾಗವಾದ ಮೇಲೆ ಒಂದು ಟಾಪ್‌ಸ್ಪಿನ್, ಒಂದು ಬ್ಯಾಕ್‌ಸ್ಪಿನ್ ಎಂದು ಬದಲಿಸುತ್ತಾ ಆಡಿ. ಕೊನೆಗೆ ಯಾವುದು ಬರುತ್ತದೆಂದು ಹೇಳದೆ ಕಳುಹಿಸಲಿ. ಜೊತೆಗಾರರಿಲ್ಲದ ದಿನ ನೆಲದ ಮೇಲೆ ಬ್ಯಾಕ್‌ಸ್ಪಿನ್ ಸರ್ವ್ ಮಾಡಿ ನೋಡಿ. ಬ್ಯಾಟ್ ಚೆನ್ನಾಗಿ ತೆರೆದು ಚೆಂಡಿನ ಕೆಳಭಾಗ ಸವರಿದ್ದರೆ ಚೆಂಡು ಪುಟಿದು ನಿಮ್ಮ ಕಡೆಗೇ ಉರುಳಿ ಬರುತ್ತದೆ. ಬರದಿದ್ದರೆ ಕೋನ ಇನ್ನೂ ಸಾಲದು ಎಂದರ್ಥ.

ಚೆಂಡು ತಪ್ಪಿದ ಕೂಡಲೇ ಬ್ಯಾಟ್ ಬದಲಿಸುವ, ಇನ್ನೂ ಜೋರಾಗಿ ಹೊಡೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡೇ: ಬಂದ ಸ್ಪಿನ್ ಯಾವುದು? ಆಗ ಬ್ಯಾಟ್‌ನ ಮುಖ ಎತ್ತ ಇತ್ತು? ಇವೆರಡಕ್ಕೂ ಉತ್ತರ ಹೇಳಬಲ್ಲವರಿಗೆ ಮುಂದಿನ ಚೆಂಡಿನಲ್ಲಿ ಏನು ತಿದ್ದಬೇಕೆಂಬುದು ಗೊತ್ತಿರುತ್ತದೆ.