ಸತ್ತೂರ ಚಾವಡಿಯಿಂದ ನವನಗರದ ಕುರ್ಚಿಗೆ

ನಮ್ಮದು ಸತ್ತೂರಿನ ಸನದಿ ಮನೆತನ. ಮುಂಬಯಿ ಸರಕಾರದ ಕಾಲಕ್ಕೆ ಧಾರವಾಡ, ಬೆಳಗಾವಿ ಸೀಮೆಯಲ್ಲಿ ಶೇತಸನದಿ ಎಂಬುದೊಂದು ನೌಕರಿ ಇತ್ತು. ಸನದು ಬರೆದುಕೊಟ್ಟ ಹೊಲ ಉಣ್ಣಬೇಕು, ಬದಲಿಗೆ ಊರ ಕಾವಲು ಕಾಯಬೇಕು. ನಮ್ಮಜ್ಜ ಕಾದ. ಖಾಕಿ ಇಲ್ಲ, ಟೊಪ್ಪಿಗೆ ಇಲ್ಲ, ತಿಂಗಳ ಪಗಾರವೂ ಇಲ್ಲ. ಹೆಗಲ ಮೇಲೊಂದು ಕಂಬಳಿ, ಕೈಯಲ್ಲೊಂದು ಬಡಿಗೆ. ಆದರೂ ಅವನನ್ನು ಪೊಲೀಸ್ ಖಾತೆಯ ಕಟ್ಟಕಡೆಯ ಮನುಷ್ಯ ಎಂದೇ ನಾನು ಲೆಕ್ಕ ಹಿಡಿಯುತ್ತೇನೆ. ಮೇಲಿನವರು ಮುಂದಾಳತ್ವ ಹೇಗೆ ನಡೆಸುತ್ತಾರೆಂಬುದು ಕಟ್ಟಕಡೆಯವನಿಗೆ ಕಂಡಷ್ಟು ಸ್ಪಷ್ಟವಾಗಿ ಬೇರೆಯವರಿಗೆ ಕಾಣುವುದಿಲ್ಲ.

ಅಜ್ಜನ ಮೇಲಿನವನು ಊರ ಗೌಡ. ಸರಕಾರಿ ದಫ್ತರದಲ್ಲಿ ಅವನು ಪೊಲೀಸ್ ಪಾಟೀಲ. 1867ರಲ್ಲಿ ಮುಂಬಯಿ ಸರಕಾರ ಹಳ್ಳಿಯ ಪೊಲೀಸರಿಗೆಂದೇ ಕಾಯದೆ ಮಾಡಿತು. ಕಳವು, ಕೊಲೆ, ಅನುಮಾನದ ಸಾವು ಯಾವುದೇ ಆದರೂ ಮೊದಲ ವರದಿ ಪಾಟೀಲನದು. ಬೈದಾಟ, ಸಣ್ಣ ಹೊಡೆದಾಟ ಮಾಡಿದವರನ್ನು ಚಾವಡಿಯಲ್ಲಿ ಇಪ್ಪತ್ನಾಲ್ಕು ತಾಸು ಕೂಡಿಹಾಕುವ ಅಧಿಕಾರವೂ ಅವನಿಗಿತ್ತು. ತನಿಖೆ, ತೀರ್ಪು, ಶಿಕ್ಷೆ ಮೂರೂ ಒಂದೇ ಜಗಲಿಯ ಮೇಲೆ.

ಪುಣೆ–ಬೆಂಗಳೂರು ರಸ್ತೆಯ ಬದಿಗೆ ಒಮ್ಮೆ ಒಬ್ಬ ದಾರಿಹೋಕ ಸತ್ತುಬಿದ್ದಿದ್ದ ಕತೆಯನ್ನು ಅಜ್ಜ ಹೇಳುತ್ತಿದ್ದ. ಗೌಡರು ಬಂದು ನಿಂತು ನೋಡಿ, ಕುಲಕರ್ಣಿಯ ಕೈಲಿ ಕಾಗದ ಬರೆಸಿ, ಒಬ್ಬನನ್ನು ಧಾರವಾಡಕ್ಕೆ ಓಡಿಸಿದರು. ಆಮೇಲೆ ಅಜ್ಜನಿಗೆ, “ಸನದಿ, ಹೆಣಾ ಬಿಟ್ಟು ಎಲ್ಲೂ ಅಲ್ಲಾಡಬ್ಯಾಡ. ಫೌಜದಾರ ಸಾಹೇಬ್ರು ಬರೂತನಕಾ ನಾಯಿ ಸೈತ ಮುಟ್ಟಬಾರದು” ಅಂದರು. ಮಳೆಗಾಲ. ಕಂಬಳಿಯನ್ನು ಹೆಣಕ್ಕೆ ಹೊದಿಸಿ ಅಜ್ಜ ತಾನು ತೊಯಿಸಿಕೊಳ್ಳುತ್ತ ಕೂತ. ನಡುರಾತ್ರಿ ಗೌಡರೇ ಕಂದೀಲು ಹಿಡಿದುಕೊಂಡು ಬಂದರಂತೆ, ರೊಟ್ಟಿ ಕೊಟ್ಟು ಬೆಳತನಕ ಜೋಡಿಗೆ ಕೂತರಂತೆ. ಫೌಜದಾರರು ಬಂದದ್ದು ಮರುದಿನ ಹೊತ್ತೇರಿದ ಮೇಲೆ. ಪಂಚನಾಮೆಗೆ ಪಂಚರನ್ನು ಹುಡುಕುವ ಕೆಲಸವೂ ಅಜ್ಜನಿಗೇ.

ಈ ಕತೆ ಕೇಳಿ ಆ ಕಾಲವೇ ಚಲೋ ಇತ್ತು ಅಂತ ಯಾರೂ ತಿಳಿಯಬಾರದು. ಅದೇ ಚಾವಡಿಯ ಮೆಟ್ಟಿಲನ್ನು ಅಜ್ಜ ಬದುಕಿರುವತನಕ ಏರಲಿಲ್ಲ. ಕೆಳಗೆ ನಿಂತೇ ಅಪ್ಪಣೆ ಕೇಳುತ್ತಿದ್ದ. ಗೌಡಕಿ ವಂಶದ ಹಕ್ಕು. ಗೌಡ ಸಜ್ಜನನಾದರೆ ಊರಿನ ಪುಣ್ಯ, ಅಲ್ಲದಿದ್ದರೆ ಬಡವನಿಗೆ ಹೊಲವೂ ಇಲ್ಲ, ಮಾನವೂ ಇಲ್ಲ. ಗೌಡನ ಮೇಲೆಯೇ ದೂರು ಕೊಡಬೇಕಾದರೆ ಕೊಡುವುದು ಯಾರ ಹತ್ತಿರ?

ಅವನ ಮೇಲಿದ್ದವರು ದೂರದವರು. ಫೌಜದಾರ ಅಂದರೆ ಸಬ್ ಇನ್‌ಸ್ಪೆಕ್ಟರ್. ಆಂಡ್ರ್ಯೂ ಫ್ರೇಸರ್ ನೇತೃತ್ವದ ಪೊಲೀಸ್ ಆಯೋಗ 1902-03ರಲ್ಲಿ ದೇಶವೆಲ್ಲ ಸುತ್ತಿ, ಠಾಣೆ ನಡೆಸುವವರು ಓದಿದವರೂ ತರಬೇತಾದವರೂ ಆಗಿರಬೇಕೆಂದು ಹೇಳಿದ ಮೇಲೆ ಮುಂಬಯಿ ಇಲಾಖೆಯ ಫೌಜದಾರರು ನಾಸಿಕದ ಶಾಲೆಯಲ್ಲಿ ಕಲಿತು ಬರತೊಡಗಿದರು. ಫೌಜದಾರನ ಮೇಲೆ ಜಿಲ್ಲೆಯ ಪೊಲೀಸ್ ಸಾಹೇಬ, ಆತನ ತಲೆಯ ಮೇಲೆ ಕಲೆಕ್ಟರ್. ಮುಂಬಯಿ ಪಟ್ಟಣಕ್ಕೆ ಮಾತ್ರ ಬೇರೆ ಪದ್ಧತಿ. 1864ರಲ್ಲೇ ಫ್ರಾಂಕ್ ಸೂಟರ್ ಅಲ್ಲಿ ಪೊಲೀಸ್ ಕಮಿಷನರ್ ಆಗಿ ಕೂತ. ಅದೇ ಇಲಾಖೆಯ ಹುಬ್ಬಳ್ಳಿ, ಧಾರವಾಡಗಳಿಗೆ ಅಂಥ ಭಾಗ್ಯವೋ ದೌರ್ಭಾಗ್ಯವೋ ಬರಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ದೂರದ ಅಪ್ಪಣೆ ಏನು ಮಾಡಬಲ್ಲದೆಂಬುದಕ್ಕೆ ಧಾರವಾಡದ ಜಕಣಿ ಬಾವಿಯ ಹತ್ತಿರದ ಹುತಾತ್ಮರ ಸ್ಮಾರಕ ನೋಡಬೇಕು. 1921ರ ಜುಲೈ 1ರಂದು ಶೆರೆ ಅಂಗಡಿಯ ಮುಂದೆ ಖಿಲಾಫತ್ ಮತ್ತು ಕಾಂಗ್ರೆಸ್ ಕಾರ್ಯಕರ್ತರು ಸೇರಿದ್ದಾಗ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು. ಸರಕಾರ ಪೊಲೀಸರ ಬೆನ್ನಿಗೆ ನಿಂತಿತು. ಕಟಕಟೆ ಹತ್ತಿದವರು ಚಳವಳಿಯವರು. ಕಾಂಗ್ರೆಸ್ ಅಬ್ಬಾಸ್ ತ್ಯಾಬ್ಜಿಯವರನ್ನು ಕಳಿಸಿ ತನ್ನದೇ ವಿಚಾರಣೆ ನಡೆಸಬೇಕಾಯಿತು. 1942ರ ಚಳವಳಿಯಲ್ಲಿ ಹುಬ್ಬಳ್ಳಿಯಲ್ಲಿ ಗುಂಡಿಗೆ ಬಿದ್ದ ನಾರಾಯಣ ಡೋಣಿ ಇನ್ನೂ ಸಾಲಿಗೆ ಹೋಗುವ ವಯಸ್ಸಿನ ಹುಡುಗ. ಆಗ ಸನದಿಗಳನ್ನೂ ಹಳ್ಳಿಹಳ್ಳಿಯಲ್ಲಿ ಚಳವಳಿಗಾರರ ಸುಳಿವು ತೆಗೆಯಲು ಹಚ್ಚುತ್ತಿದ್ದರು. ಅಜ್ಜ ಆ ದಿನಗಳ ಬಗ್ಗೆ ಒಂದೇ ಮಾತು ಆಡುತ್ತಿದ್ದ: “ನನಗ ರಾತ್ರಿ ಕಣ್ಣು ಕಾಣಂಗಿಲ್ಲ ಅಂದುಬಿಟ್ಟಿದ್ದೆ.”

ಸ್ವಾತಂತ್ರ್ಯ, ಏಕೀಕರಣ ಆದಮೇಲೆ ಎರಡು ಪೆಟ್ಟಿಗೆ ಹಳೆಯ ಗೂಡು ಬಿಚ್ಚಿಹೋಯಿತು. 1961ರ ಕಾಯದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆದುಹಾಕಿತು. 1962ರಲ್ಲಿ ಹುಬ್ಬಳ್ಳಿ-ಧಾರವಾಡ ಪಾಲಿಕೆ ಹುಟ್ಟಿತು, ನಡುವಿನ ಹಳ್ಳಿಗಳೆಲ್ಲ ಊರು ಹೋಗಿ ವಾರ್ಡಾದವು. ಅಪ್ಪ ಸರಕಾರಕ್ಕೆ ಕಿಮ್ಮತ್ತು ಕಟ್ಟಿ ಸನದಿ ಹೊಲ ಉಳಿಸಿಕೊಂಡ. ಅದನ್ನು ಪ್ಲಾಟು ಮಾಡಿದ್ದು ನಮ್ಮ ತಲೆಮಾರು. ಊರ ಬದಿಗೆ ಎಸ್‌ಡಿಎಂ ದಂತ ಕಾಲೇಜು, ಆಮೇಲೆ ವೈದ್ಯಕೀಯ ಕಾಲೇಜು ಬಂದವು. ಅವುಗಳ ಬೆನ್ನಿಗೆ ವನಶ್ರೀ ನಗರದಂಥ ಬಡಾವಣೆಗಳು, ಬಾಡಿಗೆಯ ಕೋಲಿಗಳು, ಕೊನೆಗೆ ಚಿಗರಿ ಬಸ್ಸು. ಮೊದಲು ಹೊಸಬ ಬಂದರೆ ಅಜ್ಜ ಗೌಡರಿಗೆ ಹೇಳುತ್ತಿದ್ದ. ಈಗ ನಮ್ಮ ಓಣಿಯಲ್ಲಿ ಹಳಬರೇ ಕಡಿಮೆ.

ಇಂಥ ಊರಿಗೆ ಹಳೆಯ ಕಾವಲು ಸಾಲದು, ನಿಜ. ಅದಕ್ಕಾಗಿಯೇ ಕಮಿಷನರೇಟ್. ಬೆಂಗಳೂರಿಗೆ ಅದು 1963ರಲ್ಲಿ ಬಂತು, ನಮಗೆ ಬಹಳ ತಡವಾಗಿ. ಎರಡೂ ನಗರಗಳ ನಡುವೆ, ನವನಗರದಲ್ಲಿ ಕಚೇರಿ. ನಮ್ಮೂರಿಂದ ಬಸ್ಸಿನಲ್ಲಿ ಕೆಲವೇ ನಿಲ್ದಾಣ. ಕಮಿಷನರ್ ಬರೇ ದೊಡ್ಡ ಎಸ್‌ಪಿ ಅಲ್ಲ. ಮೆರವಣಿಗೆಗೆ ಪರವಾನಗಿ, ನಿಷೇಧಾಜ್ಞೆ, ರೌಡಿಗಳ ಗಡೀಪಾರು—ಜಿಲ್ಲೆಯಲ್ಲಿ ಜಿಲ್ಲಾಡಳಿತ ನೋಡಿಕೊಳ್ಳುವ ಇಂಥ ಅಧಿಕಾರಗಳು ನಗರದಲ್ಲಿ ಆ ಒಂದು ಕುರ್ಚಿಯಲ್ಲಿವೆ. ಪಾಲಿಕೆಯ ಗಡಿ ದಾಟಿ ಧಾರವಾಡ ತಾಲೂಕಿನ ಹೊಲದಲ್ಲಿ ಬಡಿದಾಡಿದರೆ ಎಸ್‌ಪಿಯ ಪಾಲು, ನಮ್ಮ ಲೇಔಟಿನಲ್ಲಿ ಬಡಿದಾಡಿದರೆ ಕಮಿಷನರ್ ಪಾಲು. ಗೌಡನ ಜಗಲಿಯ ಮೇಲಿದ್ದ ಒಂದಷ್ಟು ಹಕ್ಕು ನೂರು ಪಟ್ಟು ಬೆಳೆದು ನವನಗರಕ್ಕೆ ಹೋಗಿ ಕೂತಿದೆ ಎಂದೇ ನನಗನಿಸುತ್ತದೆ. ವ್ಯತ್ಯಾಸ ಇಷ್ಟೇ: ಗೌಡ ಸಾಯುವತನಕ ಹೋಗುತ್ತಿರಲಿಲ್ಲ, ಇವರು ಬಂದು ಓಣಿಗಳ ಹೆಸರು ಕಲಿಯುವುದರೊಳಗೆ ಹೋಗಿಬಿಡುತ್ತಾರೆ.

ದೂರದ ಉದಾಹರಣೆ ಬೇಡ. 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿ ಠಾಣೆಗೆ ಗುಂಪು ಕಲ್ಲು ತೂರಿ ಪೊಲೀಸರೇ ಗಾಯಗೊಂಡಾಗ ಕಮಿಷನರ್ ಆಗಿದ್ದವರು ಲಾಭೂರಾಮ್. 2023ರ ವಿಧಾನಸಭೆ ಚುನಾವಣೆಯ ಹೊತ್ತಿಗೆ ರಮಣ ಗುಪ್ತಾ. 2024ರ ಏಪ್ರಿಲ್‌ನಲ್ಲಿ ಕಾಲೇಜಿನ ಆವರಣದಲ್ಲೇ ವಿದ್ಯಾರ್ಥಿನಿಯ ಕೊಲೆಯಾಗಿ ಊರಿಗೆ ಊರೇ ಬೀದಿಗಿಳಿದಾಗ ರೇಣುಕಾ ಸುಕುಮಾರ್. ಅದೇ ವರ್ಷದ ಜುಲೈನಲ್ಲಿ ಎನ್. ಶಶಿಕುಮಾರ್ ಬಂದರು. ಇವರಲ್ಲಿ ಯಾರು ಮೇಲು, ಯಾರು ಕೀಳು ಎಂದು ಅಳೆಯಲು ನಾನು ಹೊರಟಿಲ್ಲ. ಅಳೆಯುವಷ್ಟು ಹೊತ್ತು ಹಿಂದಿನವರನ್ನು ನಮ್ಮ ನಡುವೆ ಬಿಟ್ಟರೆ ತಾನೆ? ಸುಪ್ರೀಂ ಕೋರ್ಟು ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ 2006ರಲ್ಲೇ ಹೇಳಿದೆ: ಜಿಲ್ಲೆಯ ಎಸ್‌ಪಿ, ಠಾಣೆಯ ಮುಖ್ಯಸ್ಥರಂಥ ಹೊಣೆ ಹೊತ್ತವರಿಗೆ ಕನಿಷ್ಠ ಎರಡು ವರ್ಷ ಕೊಡಿ ಅಂತ. ಹಾಗೆ ಹೇಳಲು ಸಿಕ್ಕ ಕಾರಣವನ್ನು ನಮ್ಮ ಚಾವಡಿಯ ಮುಂದೆ ನಿಂತವರೆಲ್ಲ ಬಲ್ಲರು. ಇವತ್ತು ಅಪ್ಪಣೆ ಕೊಟ್ಟವನು ನಾಳೆ ಇರುವುದಿಲ್ಲವೆಂದು ಗೊತ್ತಾದರೆ ಕೆಳಗಿನವನು ಸಾಹೇಬನ ಮುಖ ನೋಡುವುದಿಲ್ಲ, ವರ್ಗ ಮಾಡಿಸುವವನ ಮುಖ ನೋಡುತ್ತಾನೆ.

ಇದರಲ್ಲಿ ನಮ್ಮ ಪಾಲೂ ಇದೆ. ಊರಲ್ಲಿ ಒಂದು ಅನಾಹುತವಾದರೆ ಮೊದಲು ಏಳುವ ಕೂಗು “ಕಮಿಷನರನ್ನು ವರ್ಗ ಮಾಡ್ರಿ” ಎಂಬುದೇ. ಸರಕಾರಕ್ಕೂ ಅದೇ ಸಲೀಸು: ಒಬ್ಬರನ್ನು ಎತ್ತಿದರೆ ಸಿಟ್ಟು ತಣಿಯುತ್ತದೆ, ಠಾಣೆಯಲ್ಲಿ ಜನ ಸಾಲದ್ದನ್ನೂ ಬೀಟು ನಡೆಯದ್ದನ್ನೂ ಯಾರೂ ಕೇಳುವುದಿಲ್ಲ. ಸತ್ತೂರಿನವರೂ ಸೇರಿ ಅವಳಿ ನಗರದ ಜನರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ನವನಗರದ ಕಚೇರಿಯ ಮುಂದೆ ಧರಣಿ ಕೂಡುವಾಗ ವರ್ಗಾವಣೆ ಕೇಳಬೇಡಿರಿ. ನಮ್ಮ ಓಣಿಗೆ ರಾತ್ರಿ ಬೀಟಿಗೆ ಯಾರು ಬರುತ್ತಾರೆ, ಕಳೆದ ತಿಂಗಳು ಎಷ್ಟು ಸಲ ಬಂದರು, ಅವರ ಮೇಲೆ ಕಣ್ಣಿಟ್ಟ ಅಧಿಕಾರಿ ಯಾರು ಎಂದು ಕೇಳಿರಿ. ಉತ್ತರ ಬರುವತನಕ ಎದ್ದು ಬರಬೇಡಿರಿ.